ಕೋಟೆ ಗಳಿಸಿಕೊಡುವ ದಿನಗಳು



ಕೋಟೆಯ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು ಅದು ಅಭೇದ್ಯವೇ ಎಂದು. ಶಾಲೆಯ ಪಾಠ, ಸಿನಿಮಾ, ಪ್ರವಾಸಿಗಳಿಗೆ ದಾರಿ ತೋರಿಸುವವರ ಮಾತು ಎಲ್ಲವೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಆದರೆ ಬಿದ್ದ ಕೋಟೆಗಳ ಪಟ್ಟಿ ಹಿಡಿದು ಕೂತರೆ ಬಾದಾಮಿ, ರಾಯಚೂರು, ವಿಜಯಪುರ, ಚಿತ್ರದುರ್ಗ, ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲವೂ ಅದರಲ್ಲಿ ಸಿಗುತ್ತವೆ. ಅಭೇದ್ಯವೆಂದು ಹೊಗಳಿಸಿಕೊಂಡ ಒಂದೊಂದೂ ಒಂದಲ್ಲ ಒಂದು ದಿನ ಬಿದ್ದಿದೆ. ಹಾಗಿದ್ದರೆ ಎರಡು ಸಾವಿರ ವರ್ಷಗಳ ಕಾಲ ನಮ್ಮ ದೊರೆಗಳು, ಪಾಳೆಯಗಾರರು, ಊರ ಗೌಡರು ಅಷ್ಟೊಂದು ಕಲ್ಲು ಮಣ್ಣು ಹೊರಿಸಿದ್ದು ಯಾತಕ್ಕೆ? ಅವರೇನು ಲೆಕ್ಕ ಬಾರದವರೇ?

ಅವರಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು ಎಂಬುದೇ ಇಂದಿನ ನನ್ನ ವಾದ. ಶತ್ರುವನ್ನು ಎಂದೆಂದಿಗೂ ಹೊರಗಿಡುತ್ತೇವೆ ಎಂಬ ಭ್ರಮೆ ಕೋಟೆ ಕಟ್ಟಿದವರಲ್ಲಿ ಇದ್ದಂತಿಲ್ಲ. ಅವರು ಕಟ್ಟುತ್ತಿದ್ದುದು ದಿನಗಳನ್ನು. ಇಷ್ಟು ಕಂದಕಕ್ಕೆ ಇಷ್ಟು ದಿನ, ಇಷ್ಟು ಸುತ್ತಿಗೆ ಇಷ್ಟು ದಿನ, ಇಷ್ಟು ನೀರಿಗೆ, ಇಷ್ಟು ರಾಗಿಗೆ ಇಷ್ಟು ದಿನ. ಗಳಿಸಿದ ಆ ದಿನಗಳೊಳಗೆ ನೆರವಿನ ದಂಡು ಬರಬೇಕು, ಇಲ್ಲವೇ ಮಳೆ ಬರಬೇಕು, ಇಲ್ಲವೇ ಮುತ್ತಿದವನ ಪಾಳಯದಲ್ಲಿ ಅಕ್ಕಿ ತೀರಬೇಕು. ಈ ಮೂರರಲ್ಲಿ ಒಂದೂ ಆಗದಿದ್ದರೆ ಎಂಥ ಗೋಡೆಯೂ ನಿಲ್ಲದು. ಕೋಟೆಗಳ ಬಗೆಗಳನ್ನು ಈ ದೃಷ್ಟಿಯಿಂದ ವಿಂಗಡಿಸಿ ನೋಡೋಣ. ಉದಾಹರಣೆಗಳಲ್ಲಿ ಹೆಚ್ಚಿನವು ಕರ್ನಾಟಕದವು. ಹೊರಗಿನವನ್ನು ಹೋಲಿಕೆಗೆ ಬೇಕಾದಷ್ಟು ಮಾತ್ರ ತರುತ್ತೇನೆ.

1. ಶಾಸ್ತ್ರಗಳ ವಿಂಗಡಣೆ

ಕೌಟಿಲ್ಯನ ಅರ್ಥಶಾಸ್ತ್ರ ದುರ್ಗಗಳನ್ನು ನಾಲ್ಕು ಬಗೆ ಮಾಡುತ್ತದೆ: ನೀರು ಸುತ್ತುವರಿದ ಔದಕ, ಬೆಟ್ಟದ ಮೇಲಿನ ಪಾರ್ವತ, ನೀರು ನೆರಳಿಲ್ಲದ ಬರಡು ಸೀಮೆಯ ಧಾನ್ವನ, ಕಾಡಿನ ವನದುರ್ಗ. ಮನುಸ್ಮೃತಿಯಲ್ಲಿ ಇವು ಆರಾಗುತ್ತವೆ. ಅವುಗಳಲ್ಲಿ ಗಿರಿದುರ್ಗಕ್ಕೆ ಮೊದಲ ಮರ್ಯಾದೆ. ನಮ್ಮವನೇ ಆದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಒಂಬತ್ತು ಬಗೆಗಳಿವೆ: ಜಲ, ಗಿರಿ, ಕಲ್ಲು, ಇಟ್ಟಿಗೆ, ಮಣ್ಣು, ವನ, ಮರುಭೂಮಿ, ಮರ, ಕೊನೆಯದಾಗಿ ನರದುರ್ಗ.

ಈ ಪಟ್ಟಿಯಲ್ಲಿ ಗೋಡೆಗಿಂತ ಬೇರೆಯದೇ ಹೆಚ್ಚಾಗಿದೆ. ಮರುದುರ್ಗಕ್ಕೆ ಗೋಡೆಯ ಅಗತ್ಯವೇ ಇಲ್ಲ. ಬರುವವನ ಬಾಯಾರಿಕೆಯೇ ಅವನನ್ನು ತಡೆಯುತ್ತದೆ. ವನದುರ್ಗದಲ್ಲಿ ಮುಳ್ಳು ಮತ್ತು ಜ್ವರ ತಡೆಯುತ್ತವೆ. ನರದುರ್ಗದಲ್ಲಿ ಆಳುಗಳೇ ಗೋಡೆ. ಶಾಸ್ತ್ರಕಾರರು ಕಟ್ಟಡದ ಆಕಾರಕ್ಕಿಂತ ಹೆಚ್ಚಾಗಿ, ವೈರಿಯನ್ನು ತಡಮಾಡಿಸುವುದು ಯಾವುದು ಎಂಬುದನ್ನು ನೋಡಿ ವಿಂಗಡಿಸಿದ್ದಾರೆ.

ಬಯಲಿನಲ್ಲಿ ನಿಸರ್ಗದ ನೆರವಿಲ್ಲದಾಗ ಏನು ಮಾಡಬೇಕು ಎಂಬುದಕ್ಕೂ ಅರ್ಥಶಾಸ್ತ್ರ ಅಳತೆ ಕೊಡುತ್ತದೆ. ಒಂದರ ಪಕ್ಕ ಒಂದರಂತೆ ಮೂರು ಕಂದಕ. ಅಗಲ 14, 12, 10 ದಂಡ. ದಂಡವೆಂದರೆ ಸುಮಾರು 6 ಅಡಿ. ಕಂದಕದಿಂದ ಎತ್ತಿದ ಮಣ್ಣನ್ನೇ ಒಟ್ಟಿ 6 ದಂಡ ಎತ್ತರದ, ಅದರ ಎರಡರಷ್ಟು ಅಗಲದ ದಿಬ್ಬ ಮಾಡಬೇಕು. ಆನೆ ಎತ್ತುಗಳಿಂದ ಅದನ್ನು ತುಳಿಸಿ ಗಟ್ಟಿಮಾಡಬೇಕು. ಮೇಲೆ ಮುಳ್ಳುಗಿಡ ಬೆಳೆಸಬೇಕು. ತೆಗೆದ ಮಣ್ಣು ವ್ಯರ್ಥವಾಗದೆ ಒಂದೇ ಅಗೆತದಿಂದ ತಗ್ಗೂ ಆಯಿತು, ದಿಬ್ಬವೂ ಆಯಿತು. ಜಗತ್ತಿನ ಯಾವ ಮೂಲೆಯ ಮಣ್ಣಿನ ಕೋಟೆಯನ್ನು ನೋಡಿದರೂ ಈ ಮಿತವ್ಯಯ ಕಾಣುತ್ತದೆ.

ಕೋಟೆಯ ಗೋಡೆಗೆ ಮರ ಬೇಡ, ಅದರೊಳಗೆ ಬೆಂಕಿ ಮನೆಮಾಡಿರುತ್ತದೆ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಆದರೆ ಮೌರ್ಯರ ಪಾಟಲಿಪುತ್ರಕ್ಕೆ ಇದ್ದದ್ದು ಮರದ ಕೋಟೆಯೇ. ಗ್ರೀಕ್ ರಾಯಭಾರಿ ಮೆಗಸ್ತನೀಸ್ ಅದಕ್ಕೆ 570 ಬುರುಜು, 64 ಬಾಗಿಲುಗಳಿದ್ದವೆಂದು ಬರೆದ; ಪಟ್ನಾದ ಬುಲಂದಿಬಾಗ್ ಉತ್ಖನನದಲ್ಲಿ ಆ ಮರದ ದಿಮ್ಮಿಗಳ ಸಾಲು ಸಿಕ್ಕಿತು. ನದಿಯ ದಂಡೆಯ ಊರುಗಳು ನೆರೆ ಮತ್ತು ಮಳೆಯ ಕಾರಣಕ್ಕೆ ಮರವನ್ನು ಆರಿಸಿಕೊಳ್ಳುತ್ತಿದ್ದವೆಂದು ಗ್ರೀಕ್ ಬರಹಗಾರರು ವಿವರಣೆ ಕೊಟ್ಟಿದ್ದಾರೆ. ಶಾಸ್ತ್ರದ ಮಾತು ಒಂದು ಕಡೆ, ಕಾಲಡಿಯ ನೆಲದ ಮಾತು ಇನ್ನೊಂದು ಕಡೆ. ಕೋಟೆ ಕಟ್ಟುವವನು ಕೊನೆಗೆ ಕೇಳಿದ್ದು ನೆಲದ ಮಾತನ್ನು.

2. ಬೆಟ್ಟದ ಕೋಟೆ: ನೀರಿನ ಲೆಕ್ಕ

ಬಾದಾಮಿಯ ಬಂಡೆಯ ಮೇಲೆ ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಶಾಸನವೊಂದಿದೆ. ಚಾಲುಕ್ಯ ವಲ್ಲಭೇಶ್ವರ, ಎಂದರೆ ಮೊದಲನೆಯ ಪುಲಕೇಶಿ, ವಾತಾಪಿಯ ಬೆಟ್ಟವನ್ನು ಕೋಟೆ ಮಾಡಿದ್ದನ್ನು ಅದು ದಾಖಲಿಸುತ್ತದೆ. ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಯಾರಿಗೂ ಜಗ್ಗದ ಕೋಟೆ ಎಂಬ ಹೆಮ್ಮೆ ಅದರಲ್ಲಿದೆ. ಒಂದು ಶತಮಾನ ಕಳೆಯುವಷ್ಟರಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮ ಅದನ್ನು ಹಿಡಿದು ಅಲ್ಲಿಯೇ ತನ್ನ ಶಾಸನವನ್ನೂ ಕೆತ್ತಿಸಿದ. ಎರಡೂ ಬರಹಗಳು ಒಂದೇ ಊರಿನಲ್ಲಿವೆ. ಕಟ್ಟಿದವನ ಮಾತು ಸುಳ್ಳೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ನೂರು ವರ್ಷ ಒಂದು ರಾಜ್ಯ ಬೆಳೆಯಲು ಆ ಬೆಟ್ಟ ಅವಕಾಶ ಕೊಟ್ಟಿತ್ತು. ಅಷ್ಟರಲ್ಲಿ ಚಾಲುಕ್ಯರು ನರ್ಮದೆಯವರೆಗೆ ಹೋಗಿ ಬಂದಿದ್ದರು.

ಗಿರಿದುರ್ಗದ ನಿಜವಾದ ಶಕ್ತಿ ಎತ್ತರದಲ್ಲಿದೆ ಎಂದು ನಾವು ತಿಳಿಯುತ್ತೇವೆ. ಎತ್ತರ ಕೊಡುವುದು ಮೊದಲ ದಿನದ ರಕ್ಷಣೆ ಮಾತ್ರ. ಎರಡನೆಯ ತಿಂಗಳ ರಕ್ಷಣೆ ಕೊಡುವುದು ನೀರು. ಅದನ್ನು ಚಿತ್ರದುರ್ಗದಷ್ಟು ಚೆನ್ನಾಗಿ ತೋರಿಸುವ ಕೋಟೆ ಅಪರೂಪ. ಏಳು ಸುತ್ತಿನ ಕೋಟೆ ಎಂಬ ಹೆಸರಿನಿಂದ ನಮ್ಮ ಕಣ್ಣು ಸುತ್ತುಗಳ ಮೇಲೆ ಹೋಗುತ್ತದೆ. ಬಂಡೆಗಳ ನಡುವೆ ಮಳೆಯ ನೀರು ಹರಿಯುವ ದಾರಿಯ ಮೇಲೂ ಕಣ್ಣಿಡಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಊರಿನ ಸಂತೆ ಹೊಂಡಕ್ಕೆ. ಮೇಲಿನವರಿಗೆ ಕುಡಿಯುವ ನೀರು ಉಳಿಯಿತು. ಕೆಳಗಿನ ಪೇಟೆಗೂ ಸಂದಿತು. ಇದರ ಜೊತೆಗೆ ಕಣಜಗಳು, ಎಣ್ಣೆಯ ಕೊಳ, ಮದ್ದು ಬೀಸುವ ಭಾರಿ ಕಲ್ಲುಗಳು. ಈ ಮೂರನ್ನೂ ನೋಡಿದವರಿಗೆ ಚಿತ್ರದುರ್ಗವನ್ನು ಆಳಿದ ನಾಯಕರು ದಿನಗಳ ಲೆಕ್ಕವನ್ನು ಎಷ್ಟು ಕೂಲಂಕಷವಾಗಿ ಹಾಕಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿನ ಬಾಗಿಲುಗಳ ವಿನ್ಯಾಸವೂ ಇದೇ ಲೆಕ್ಕದ್ದು. ಒಂದು ಬಾಗಿಲಿನಿಂದ ಇನ್ನೊಂದು ನೇರವಾಗಿ ಕಾಣುವುದಿಲ್ಲ. ದಾರಿ ಹಾವಿನಂತೆ ತಿರುಗುತ್ತದೆ, ಎರಡೂ ಕಡೆ ಎತ್ತರದ ಗೋಡೆ. ದೊಡ್ಡ ಬಾಗಿಲನ್ನು ಮುರಿಯಲು ಆನೆ ಬೇಕು, ದಿಮ್ಮಿ ಬೇಕು; ಎರಡಕ್ಕೂ ಹಿಂದೆ ಸರಿದು ಓಡಿಬಂದು ಗುದ್ದಲು ಜಾಗ ಬೇಕು. ಆ ಜಾಗವನ್ನೇ ಕೊಡದಂತೆ ದಾರಿಯನ್ನು ತಿರುಗಿಸಿದ್ದಾರೆ. ಒಳಹೊಕ್ಕವರು ಪ್ರತಿ ತಿರುವಿನಲ್ಲೂ ಮೇಲಿನವರ ಕಲ್ಲು ಬಾಣಗಳಿಗೆ ಈಡಾಗಬೇಕು. ಕೋಟೆಯ ಕಿಂಡಿಯಿಂದ ನುಸುಳಿದ ಶತ್ರುಗಳನ್ನು ಒನಕೆಯಿಂದ ಹೊಡೆದು ಕೊಂದ ಓಬವ್ವನ ಕತೆ ನಿಮಗೆಲ್ಲ ಗೊತ್ತು. ಆ ಕಿಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ತೆವಳಿ ಬರಬೇಕಾದ್ದರಿಂದಲೇ ಒಂದು ಒನಕೆ ಅಷ್ಟು ಜನಕ್ಕೆ ಸಾಕಾಯಿತು. ಕೋಟೆಯ ತತ್ವವೆಲ್ಲ ಆ ಕತೆಯಲ್ಲಿ ಅಡಗಿದೆ: ಹಲವರನ್ನು ಒಬ್ಬೊಬ್ಬರನ್ನಾಗಿ ಮಾಡುವುದು.

ಇಷ್ಟಿದ್ದೂ ಚಿತ್ರದುರ್ಗ ಬಿದ್ದ ಬಗೆಯನ್ನು ನೋಡಿ. 1777ರಲ್ಲಿ ಮೈಸೂರಿನ ಹೈದರ್ ಅಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಆಗ ಮರಾಠರು ಮತ್ತು ನಿಜಾಮನ ದಂಡಿನ ಭಯ ಅವನ ಬೆನ್ನ ಮೇಲಿತ್ತು. ಕೋಟೆ ಕೈಗೆ ಬರಲಿಲ್ಲ, ಹಣದ ಒಪ್ಪಂದ ಮಾಡಿಕೊಂಡು ಹೊರಟ. 1779ರಲ್ಲಿ ಬೆನ್ನ ಹಿಂದಿನ ಭಯ ತೀರಿದ ಮೇಲೆ ಮತ್ತೆ ಬಂದ, ಕೋಟೆ ಅವನದಾಯಿತು, ಅದನ್ನು ಆಳುತ್ತಿದ್ದ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಎರಡು ವರ್ಷಗಳಲ್ಲಿ ಕಲ್ಲು ಸವೆದಿರಲಿಲ್ಲ, ಹೊಂಡ ಬತ್ತಿರಲಿಲ್ಲ. ಸುತ್ತಲಿನ ರಾಜಕೀಯ ಬದಲಾಗಿತ್ತು.

3. ಬಯಲಿನ ಕೋಟೆ: ಕಲ್ಲಿನ ಲೆಕ್ಕ

ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲಿನ 1294ರ ತೆಲುಗು ಶಾಸನ, ಕಾಕತೀಯರ ಅಧೀನದಲ್ಲಿದ್ದ ಗೋರೆ ಗನ್ನಯ್ಯ ರೆಡ್ಡಿಯ ಆಜ್ಞೆಯಂತೆ ವಿಠಲನಾಥ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅಲ್ಲಿಯೇ ಗೀರಿರುವ ಚಿತ್ರ: ಆ ಕಲ್ಲನ್ನು ಬಂಡಿಯ ಮೇಲಿಟ್ಟು ಜೋಡಿ ಜೋಡಿ ಎತ್ತುಗಳು ಎಳೆಯುತ್ತಿವೆ, ಆಳುಗಳು ಜೊತೆಗಿದ್ದಾರೆ. ಯುದ್ಧದ ಚಿತ್ರ ಕೆತ್ತಿಸದೆ ಕಲ್ಲು ಸಾಗಿಸಿದ ಚಿತ್ರ ಕೆತ್ತಿಸಿದರು. ಆ ಕಾಲದವರ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಅದು. ಕೋಟೆ ಮೊದಲು ದುಡಿಮೆ, ಆಮೇಲೆ ಯುದ್ಧ.

ಬೀದರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ 1430ರ ಆಸುಪಾಸಿನಲ್ಲಿ ಕಟ್ಟಿಸಿದ ಕೋಟೆಗೆ ಒಂದು ಕಡೆ ಮೂರು ಪದರಿನ ಕಂದಕವಿದೆ. ಅದನ್ನು ಮಣ್ಣಿನಲ್ಲಿ ತೋಡಿದ್ದಲ್ಲ, ಕೆಂಪು ಜಂಬಿಟ್ಟಿಗೆ ಬಂಡೆಯಲ್ಲಿ ಕಡಿದದ್ದು. ನಡುವೆ ಎರಡು ಗೋಡೆಯಷ್ಟು ಬಂಡೆಯನ್ನು ಹಾಗೆಯೇ ಉಳಿಸಿದ್ದಾರೆ. ಏಣಿ ಹೊತ್ತು ಬರುವವನು ಮೂರು ಸಲ ಇಳಿದು ಮೂರು ಸಲ ಹತ್ತಬೇಕು, ಅದೂ ಮೇಲಿನವರ ಕಣ್ಣೆದುರಿಗೆ. ಊರಿನ ಹೊರಗಿನ ನೌಬಾದಿನಲ್ಲಿ ನೆಲದೊಳಗೆ ಕೊರೆದ ನೀರಿನ ಸುರಂಗ, ಅದರ ಉದ್ದಕ್ಕೂ ಬಾವಿಗಳು. ಇರಾನಿನ ಕಡೆಯ ಈ ವಿದ್ಯೆ ದಖ್ಖನಿಗೆ ಬಂದು ಬೇರೂರಿತು. ಗೋಡೆಯನ್ನೂ ನೀರನ್ನೂ ಒಟ್ಟಿಗೆ ಯೋಚಿಸಿದ ನಗರಗಳಲ್ಲಿ ಬೀದರಿಗೆ ದೊಡ್ಡ ಸ್ಥಾನವಿದೆ.

ವಿಜಯನಗರದ ಮಾತು ಬೇರೆ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯನ್ನು ವರ್ಣಿಸುತ್ತಾನೆ. ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವು. ಹೀಗಾಗಿ ನಗರದ ಅನ್ನ ಗೋಡೆಯೊಳಗೆ ಬೆಳೆಯುತ್ತಿತ್ತು, ಕಾಲುವೆಯ ನೀರು ಗೋಡೆಯೊಳಗೆ ಹರಿಯುತ್ತಿತ್ತು. ಹೊರಗೋಟೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ಅರ್ಧ ಬಿಟ್ಟು ಒತ್ತೊತ್ತಾಗಿ ನಿಲ್ಲಿಸಿದ್ದನ್ನೂ ಅವನು ಕಂಡ. ಕುದುರೆ ದಂಡಿನ ಓಟವನ್ನು ಮುರಿಯಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಕುದುರೆಯ ಬಲವೆಲ್ಲ ವೇಗ. ವೇಗ ಹೋದರೆ ಸವಾರ ಎತ್ತರದಲ್ಲಿ ಕೂತ ಗುರಿಯಷ್ಟೇ.

ಇಂಥ ನಗರ 1565ರ ಜನವರಿಯಲ್ಲಿ ಮುತ್ತಿಗೆಯನ್ನೇ ಕಾಣದೆ ಬಿತ್ತು. ದಖ್ಖನ್ ಸುಲ್ತಾನರೊಂದಿಗಿನ ಯುದ್ಧ ನಡೆದದ್ದು ಕೃಷ್ಣೆಯ ಕಡೆಯ ಬಯಲಿನಲ್ಲಿ. ಅಲ್ಲಿ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯ ಸತ್ತ, ದಂಡು ಚೆದುರಿತು. ಅವನ ತಮ್ಮ ತಿರುಮಲ ರಾಜಪರಿವಾರವನ್ನೂ ಭಂಡಾರವನ್ನೂ ಕರೆದುಕೊಂಡು ಪೆನುಗೊಂಡೆಗೆ ಹೋದ. ಏಳು ಸುತ್ತಿನ ಮೇಲೆ ನಿಲ್ಲಲು ಆಳಿರಲಿಲ್ಲ, ನಿಲ್ಲಿ ಎನ್ನಲು ದೊರೆಯಿರಲಿಲ್ಲ. ಸೋಮೇಶ್ವರನ ಪಟ್ಟಿಯಲ್ಲಿ ನರದುರ್ಗ ಯಾಕಿದೆ ಎಂದು ಕೇಳುವವರಿಗೆ ಹಂಪಿಯನ್ನು ತೋರಿಸಬಹುದು.

4. ಮದ್ದುಗುಂಡು ಬಂದ ಮೇಲೆ

ಕಲ್ಲಿನ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಫಿರಂಗಿ. ಕಾನ್‌ಸ್ಟಾಂಟಿನೋಪಲ್‌ನ ಗೋಡೆಗಳು 5ನೆಯ ಶತಮಾನದಿಂದ ಸಾವಿರ ವರ್ಷ ಆ ನಗರವನ್ನು ಕಾದಿದ್ದವು. 1453ರಲ್ಲಿ ತುರ್ಕರ ಸುಲ್ತಾನ ಮೆಹಮತ್‌ನ ಭಾರಿ ಫಿರಂಗಿಗಳ ಮುಂದೆ 53 ದಿನ ನಿಂತು ಬಿದ್ದವು. ಆ ದಿನಗಳಲ್ಲಿ ಪಶ್ಚಿಮದಿಂದ ಬರಬೇಕಿದ್ದ ನೆರವಿನ ಹಡಗುಗಳು ಬರಲಿಲ್ಲ. 1683ರಲ್ಲಿ ವಿಯೆನ್ನಾ ತುರ್ಕರ ಮುತ್ತಿಗೆಯ ಮುಂದೆ ಸುಮಾರು ಎರಡು ತಿಂಗಳು ನಿಂತಿತು. ಪೋಲೆಂಡಿನ ದೊರೆ ಸೊಬಿಯೆಸ್ಕಿಯ ದಂಡು ಹೊತ್ತಿಗೆ ಸರಿಯಾಗಿ ಬಂತು, ನಗರ ಉಳಿಯಿತು. ಎರಡೂ ಕೋಟೆಗಳು ಹೆಚ್ಚು ಕಡಿಮೆ ಒಂದೇ ಪ್ರಮಾಣದ ಕಾಲವನ್ನು ಗಳಿಸಿಕೊಟ್ಟವು. ಒಂದರ ಕಾಲ ವ್ಯರ್ಥವಾಯಿತು, ಇನ್ನೊಂದರದು ಸಾರ್ಥಕವಾಯಿತು.

ಈ ಎರಡರ ನಡುವೆ ಯೂರೋಪಿನಲ್ಲಿ ಕೋಟೆಯ ಆಕಾರವೇ ಬದಲಾಗಿತ್ತು. ಎತ್ತರದ ತೆಳು ಗೋಡೆ ಗುಂಡಿಗೆ ಸುಲಭ ಗುರಿ. ಆದ್ದರಿಂದ ಗೋಡೆಯನ್ನು ತಗ್ಗಿಸಿದರು, ದಪ್ಪಮಾಡಿದರು, ಹಿಂದೆ ಮಣ್ಣು ತುಂಬಿದರು. ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ, ಕಲ್ಲಿನಂತೆ ಸಿಡಿಯುವುದಿಲ್ಲ. ಇನ್ನೊಂದು ತೊಂದರೆ ದುಂಡು ಕೊತ್ತಲದ್ದು. ಅದರ ಮೂತಿಯ ಕೆಳಗಿನ ಸ್ವಲ್ಪ ಜಾಗ ಅಕ್ಕಪಕ್ಕದ ಕೊತ್ತಲದವರಿಗೆ ಕಾಣುವುದಿಲ್ಲ. ಅಲ್ಲಿ ಸೇರಿಕೊಂಡವನು ನೆಮ್ಮದಿಯಾಗಿ ಬುಡ ತೋಡಬಹುದು. ಕೊತ್ತಲವನ್ನು ಬಾಣದ ಮೊನೆಯಂತೆ ಚೂಪು ಮಾಡಿದರೆ ಆ ಕುರುಡು ಜಾಗ ಇಲ್ಲವಾಗುತ್ತದೆ; ಪಕ್ಕದ ಕೊತ್ತಲದಿಂದ ಹಾರಿಸಿದ ಗುಂಡು ಅದರ ಮುಖಕ್ಕೆ ಸವರಿಕೊಂಡೇ ಹೋಗುತ್ತದೆ. ಹೀಗೆ ಚೂಪು ಕೊತ್ತಲಗಳನ್ನು ಸುತ್ತ ಇಟ್ಟಾಗ ಕೋಟೆ ನಕ್ಷತ್ರದ ಆಕಾರ ತಾಳುತ್ತದೆ. ಆ ನಕ್ಷತ್ರ ಗುಂಡು ಹಾಯುವ ದಾರಿಗಳನ್ನು ಎಳೆದಾಗ ಉಳಿದ ಆಕೃತಿ. ಫ್ರಾನ್ಸಿನ ವೊಬಾನ್ 17ನೆಯ ಶತಮಾನದಲ್ಲಿ ಇದನ್ನು ಪೂರ್ಣ ಶಾಸ್ತ್ರವಾಗಿಸಿದ. ಕೋಟೆ ಕಟ್ಟುವುದರಲ್ಲಿ ಎಷ್ಟು ನಿಪುಣನೋ ಅದನ್ನು ಹಿಡಿಯುವುದರಲ್ಲೂ ಅಷ್ಟೇ ನಿಪುಣನಾಗಿದ್ದ.

ದಖ್ಖನ್ನಿನಲ್ಲಿ ಉತ್ತರ ಬೇರೆಯಾಗಿ ಬಂತು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ಅವನ ಆಳುಗಳು ಗುದ್ದಲಿ ಹಾರೆ ಹಿಡಿದು ಗೋಡೆಯ ಬುಡವನ್ನೇ ಕೀಳುತ್ತಿದ್ದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಕ್ರಿಸ್ಟೊವಾವ್ ದ ಫಿಗರೇದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆದು ಕೆಳಗಿನವರಿಗೆ ಕೆಲಸ ಮಾಡಲು ಬಿಡುವು ಮಾಡಿಕೊಟ್ಟರು. ರಾಯ ಗೆದ್ದ, ರಾಯಚೂರನ್ನು ಹಿಡಿದಿದ್ದ ವಿಜಯಪುರದ ಆದಿಲ್ ಶಾಹಿಗಳ ಫಿರಂಗಿಗಳ ರಾಶಿಯೇ ಅವನ ಕೈಗೆ ಬಂತು. ಆದರೆ ಆ ಸೋಲಿನಿಂದ ಹೆಚ್ಚು ಕಲಿತವರು ಸೋತವರು. ಫಿರಂಗಿಯನ್ನು ಕೋಟೆಯ ಮೇಲೆ ಹೇಗೆ ಕೂರಿಸಬೇಕೆಂದು ವಿಜಯಪುರದವರು ಮುಂದಿನ ದಶಕಗಳಲ್ಲಿ ಪ್ರಯೋಗ ಮಾಡುತ್ತ ಹೋದರು. ಅವರು ಕಂಡುಕೊಂಡ ದಾರಿ ಎತ್ತರದ ಬತೇರಿ. ಗೋಡೆಗೆ ಹೊಂದಿಕೊಳ್ಳದೆ ಒಳಗೆ ಒಂಟಿಯಾಗಿ ನಿಂತ ಗೋಪುರದ ಮೇಲೆ ಉದ್ದನೆಯ ತೋಪು. ಸುತ್ತಲೂ ಯಾವ ದಿಕ್ಕಿಗಾದರೂ ತಿರುಗಿ ದೂರ ಹೊಡೆಯಬೇಕು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು ಇದರ ಉತ್ತಮ ಮಾದರಿ; ಎತ್ತರ ಸುಮಾರು 80 ಅಡಿ, ಸುತ್ತಿಕೊಂಡು ಏರುವ ಹೊರ ಮೆಟ್ಟಿಲು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ಷೇರ್ಜಾ ಬುರುಜಿನ ಮೇಲೆ ಇಂದಿಗೂ ನೋಡಬಹುದು.

ಯೂರೋಪಿನವರು ಗೋಡೆಯನ್ನು ತಗ್ಗಿಸಿ ಹತ್ತಿರದ ಪ್ರತಿ ಅಡಿಯನ್ನೂ ಕಾದರು. ವಿಜಯಪುರದವರು ತೋಪನ್ನು ಎತ್ತರಿಸಿ ವೈರಿಯ ಪಾಳಯವನ್ನೇ ದೂರ ಇಟ್ಟರು. ಎರಡೂ ಬುದ್ಧಿವಂತ ಉತ್ತರಗಳೇ. ಆದರೆ 1685ರಲ್ಲಿ ಔರಂಗಜೇಬನ ದಂಡು ವಿಜಯಪುರವನ್ನು ಸುತ್ತುವರಿದು ಒಂದು ವರ್ಷಕ್ಕೂ ಮಿಕ್ಕಿ ಕೂತಾಗ ಆ ಕಾಲವನ್ನು ಬಳಸಿಕೊಳ್ಳಬಲ್ಲ ಮಿತ್ರರು ಆದಿಲ್ ಶಾಹಿಗೆ ಉಳಿದಿರಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ನಗರ ಶರಣಾಯಿತು.

5. ಶ್ರೀರಂಗಪಟ್ಟಣ: ಮಳೆಯ ಲೆಕ್ಕ

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಕಾವೇರಿಯ ನಡುಗಡ್ಡೆಯಲ್ಲಿದೆ. ಈ ಜಲದುರ್ಗದ ರಕ್ಷಣೆ ನದಿಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬೇಸಿಗೆಯಲ್ಲಿ ಕಾವೇರಿಯನ್ನು ಬಂಡೆಗಳ ಮೇಲೆ ಕಾಲಿಟ್ಟು ದಾಟಬಹುದು. ಮುಂಗಾರು ಕೊಡಗಿನಲ್ಲಿ ಹಿಡಿದ ಮೇಲೆ ಮಾತ್ರ ನದಿ ನಿಜವಾದ ಅಗಳು. ಎಂದರೆ ಈ ಕೋಟೆಗೆ ವರ್ಷದ ಅರ್ಧ ಒಂದು ಬಲ, ಇನ್ನರ್ಧ ಇನ್ನೊಂದು ಬಲ. ಟಿಪ್ಪು ಸುಲ್ತಾನನಿಗೂ ಅವನ ಶತ್ರುಗಳಿಗೂ ಇದು ಗೊತ್ತಿತ್ತು. ಮೂರು ಸಲ ಇಂಗ್ಲಿಷ್ ದಂಡು ಇಲ್ಲಿಗೆ ಬಂದದ್ದು ಈ ಪಂಚಾಂಗದ ಜೊತೆಗಿನ ಜಟಾಪಟಿ.

1791ರ ಮಾರ್ಚ್ 7ರಂದು ಇಂಗ್ಲಿಷ್ ದಂಡಿನ ನಾಯಕ ಕಾರ್ನ್‌ವಾಲಿಸ್ ಬೆಂಗಳೂರಿನ ಪೇಟೆಯನ್ನು ಹಿಡಿದ. 21ರ ರಾತ್ರಿ, ದೆಹಲಿ ಬಾಗಿಲ ಹತ್ತಿರ ಒಡೆದ ಗೋಡೆಯ ಮೂಲಕ ಕೋಟೆಗೆ ನುಗ್ಗಿದ. ಕಿಲ್ಲೇದಾರ ಬಹದೂರ್ ಖಾನ್ ಹೋರಾಡುತ್ತ ಸತ್ತ. ಹೈದರ್ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಗಳಿಸಿಕೊಟ್ಟದ್ದು ಎರಡು ವಾರ. ಅತಿ ಕಡಿಮೆ ಎನ್ನಿಸಬಹುದು. ಆದರೆ ಅಲ್ಲಿಂದ ಸಾಮಗ್ರಿ ಕೂಡಿಸಿಕೊಂಡು ಹೊರಟು ಮೇ 15ರಂದು ಅರಕೆರೆಯ ಹತ್ತಿರ ಕಾದಾಡಿ ಗೆದ್ದ ಹೊತ್ತಿಗೆ ಮಳೆ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ಪಾಳಯದಲ್ಲಿ ಧಾನ್ಯವಿರಲಿಲ್ಲ. ಎದುರಿಗೇ ರಾಜಧಾನಿ ಕಾಣುತ್ತಿದ್ದರೂ ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ನಾಶ ಮಾಡಿಸಿ ಹಿಂದಿರುಗಿದ. ಬೆಂಗಳೂರಿನ ಎರಡು ವಾರ, ದಾರಿಯ ಹುಲ್ಲು ಧಾನ್ಯ ಸುಟ್ಟು ಟಿಪ್ಪು ಮಾಡಿದ ವಿಳಂಬ, ಮುಂಗಾರು: ಮೂರೂ ಕೂಡಿ ಶ್ರೀರಂಗಪಟ್ಟಣವನ್ನು ಆ ವರ್ಷ ಉಳಿಸಿದವು.

ಕಾರ್ನ್‌ವಾಲಿಸ್ ಪಾಠ ಕಲಿತ. ಉಳಿದ ತಿಂಗಳುಗಳಲ್ಲಿ ಬೆನ್ನ ಹಿಂದಿನ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ. ಕಡಿದಾದ ಬಂಡೆ, ದಟ್ಟ ಕಾಡು, ಜ್ವರದ ಭಯ, ಎಲ್ಲವೂ ಇದ್ದ ಸಾವನದುರ್ಗ ಲಗ್ಗೆಯ ದಿನ ಒಂದು ಗಂಟೆಯನ್ನೂ ತಡೆಯಲಿಲ್ಲ. ಬೆಟ್ಟದ ಖ್ಯಾತಿಯನ್ನು ನಂಬಿ ಕೂತವರು ತೋಪುಗಳನ್ನು ಕಾಡಿನೊಳಗೆ ಎಳೆದು ತರಬಹುದೆಂದು ಎಣಿಸಿರಲಿಲ್ಲ. 1792ರ ಫೆಬ್ರುವರಿಯಲ್ಲಿ, ಮಳೆಗೆ ನಾಲ್ಕು ತಿಂಗಳು ಇರುವಾಗಲೇ, ಅವನು ಶ್ರೀರಂಗಪಟ್ಟಣದ ಮುಂದಿದ್ದ. ಟಿಪ್ಪು ಮಾರ್ಚಿನಲ್ಲಿ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಆ ಸೋಲಿನ ನಂತರ ಟಿಪ್ಪು ಕೋಟೆಯ ಒಳಗೆ ಎರಡನೆಯ ಗೋಡೆ ಮತ್ತು ಕಂದಕ ಕಟ್ಟಿಸಿದ. ಸಕಲೇಶಪುರದ ಹತ್ತಿರ ಮಂಜರಾಬಾದಿನಲ್ಲಿ ಎಂಟು ಮೂಲೆಯ ನಕ್ಷತ್ರ ಕೋಟೆ ಎದ್ದದ್ದೂ ಇದೇ ಕಾಲದಲ್ಲಿ. ಕರಾವಳಿಯಿಂದ ಘಟ್ಟ ಹತ್ತುವ ದಾರಿಯ ಮೇಲೆ ಕಣ್ಣಿಡಲು, ಫ್ರೆಂಚ್ ವಿದ್ಯೆಯನ್ನು ಮಲೆನಾಡಿನ ಗುಡ್ಡದ ನೆತ್ತಿಗೆ ತಂದು ಕೂರಿಸಿದ ಪ್ರಯೋಗ ಅದು. ಆದರೆ ರಾಜಧಾನಿಯ ಹೊರಗೋಡೆ ಹಳೆಯ ರೀತಿಯಲ್ಲೇ ಉದ್ದಕ್ಕೂ ನೇರವಾಗಿ ಉಳಿಯಿತು.

1799ರ ಏಪ್ರಿಲ್ ಮೊದಲ ವಾರ ಇಂಗ್ಲಿಷ್ ದಂಡಿನೊಂದಿಗೆ ಜನರಲ್ ಹ್ಯಾರಿಸ್ ಬಂದ. ಏಪ್ರಿಲ್ ನಡುವಿನ ಹೊತ್ತಿಗೆ ಅವನ ಪಾಳಯದಲ್ಲಿ ಅಕ್ಕಿ ಕೆಲವೇ ವಾರಗಳಿಗೆ ಸಾಲುವಷ್ಟಿತ್ತು. ಒಂದು ತಿಂಗಳು ತಡೆದಿದ್ದರೆ ನದಿ ಏರುತ್ತಿತ್ತು, 1791ರ ಕತೆ ಮರುಕಳಿಸುತ್ತಿತ್ತು. ಎರಡೂ ಕಡೆಯವರು ಒಂದೇ ದಿನಗಳನ್ನು ಎಣಿಸುತ್ತಿದ್ದರು. ಮೇ 4ರ ಮಧ್ಯಾಹ್ನ, ವಾಯವ್ಯ ಮೂಲೆಯ ಹತ್ತಿರ ಬಿದ್ದ ಬಿರುಕಿನತ್ತ ಲಗ್ಗೆಯ ದಂಡು ಕಡಿಮೆ ನೀರಿನ ಕಾವೇರಿಯನ್ನು ಕೆಲವೇ ನಿಮಿಷಗಳಲ್ಲಿ ದಾಟಿತು. ಟಿಪ್ಪು ಅಂದು ಸತ್ತ. ಜನ ಒಳಗಿನವರ ದ್ರೋಹದ ಕತೆಯನ್ನು ಹೇಳುತ್ತಾರೆ, ಲಾವಣಿಗಳೂ ಹಾಡುತ್ತವೆ. ಆದರೆ ದ್ರೋಹದ ಲೆಕ್ಕ ಹಾಕುವ ಮುನ್ನ ನದಿಯ ಲೆಕ್ಕ ಹಾಕುವುದು ಒಳ್ಳೆಯದು. ಕೋಟೆ ಸುಮಾರು ನಾಲ್ಕು ವಾರ ನಿಂತಿತು. ಮಳೆಗೆ ಇನ್ನಷ್ಟು ವಾರ ಬೇಕಿತ್ತು.

6. ಊರಿನ ರಕ್ಷಣೆ: ಹುಡೆ, ಅಗಸಿ, ಬೇಲಿ

ರಾಜರ ಕೋಟೆಗಳಿಗಿಂತ ಸಂಖ್ಯೆಯಲ್ಲಿ ಬಹಳ ಹೆಚ್ಚು, ನಮ್ಮ ಅಧ್ಯಯನಗಳಲ್ಲಿ ಬಹಳ ಕಡಿಮೆ ಕಾಣುವಂಥವು ಊರಿನ ಕೋಟೆಗಳು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರಿಗೆ ಒಂದು ಅಗಸಿ ಎಂಬ ಹೆಬ್ಬಾಗಿಲು, ನಡುವೆ ಹುಡೆ ಎಂಬ ಕಾವಲು ಬುರುಜು, ದೇಸಾಯಿ ಅಥವಾ ಗೌಡರ ದೊಡ್ಡ ಮನೆಯಾದ ವಾಡೆ. ಹುಡೆಯ ಕಟ್ಟುವಿಕೆ ಸರಳ: ದುಂಡನೆಯ ದಪ್ಪ ಗೋಡೆ, ಬಂದೂಕಿನ ಕಿಂಡಿಗಳು, ಹಲವೆಡೆ ನೆಲದಿಂದ ಮೇಲಕ್ಕಿರುವ ಬಾಗಿಲು. ಪಿಂಡಾರಿಗಳಂಥ ಸುಲಿಗೆಕಾರರಿಗೆ ಮುತ್ತಿಗೆ ಹಾಕುವ ಪುರಸೊತ್ತಿರಲಿಲ್ಲ. ಬಂದು ದೋಚಿ ಸಂಜೆಯೊಳಗೆ ಮುಂದಿನ ಊರಿಗೆ ಹೋಗಬೇಕು. ಆದ್ದರಿಂದ ಊರಿಗೆ ಬೇಕಾದದ್ದು ಒಂದು ದಿನ. ದನಕರುಗಳನ್ನು ಒಳಗೆ ಹೊಡೆದುಕೊಂಡು, ಧಾನ್ಯವನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿ, ಹುಡೆ ಏರಿ ಸಂಜೆಯವರೆಗೆ ತಡೆದರೆ ಊರು ಉಳಿಯಿತು. ಕುಂಬಾರ ಮಡಕೆಯನ್ನು ಒಲೆಯ ಉರಿ ನೋಡಿ ಮಾಡುವಂತೆ, ಈ ಊರಿನವರು ಎದುರಾಳಿಯ ಬಿಡುವನ್ನು ನೋಡಿ ಗೋಡೆ ಕಟ್ಟಿದರು.

ಇದಕ್ಕೂ ಹಿಂದಿನ ಪದರ ವೀರಗಲ್ಲುಗಳದ್ದು. ಊರಳಿವು, ತುರುಗೋಳು ಎಂದು ಶಾಸನಗಳು ಹೇಳುವ, ಊರು ಸುಲಿಯುವ ಮತ್ತು ದನ ಕಸಿಯುವ ದಾಳಿಗಳಲ್ಲಿ ಸತ್ತವರ ನೆನಪಿನ ಕಲ್ಲುಗಳು ಅವು. ಗೋಡೆಯಿಲ್ಲದ ಊರಿನಲ್ಲಿ ಕೆಲವರು ಅಡ್ಡ ನಿಂತು ಕಾದಿದ್ದರಿಂದ ದನಗಳು ಉಳಿದವು, ಉಳಿದವರು ಕಲ್ಲು ನೆಟ್ಟರು. ನರದುರ್ಗಕ್ಕೆ ನಮ್ಮ ನೆಲದಲ್ಲಿ ಸಾವಿರಾರು ದಾಖಲೆಗಳಿವೆ.

ಬೇಲಿಯೂ ಒಂದು ಕೋಟೆಯೇ. ಬೆಂಗಳೂರಿನ ಪೇಟೆಯ ಸುತ್ತ ದಟ್ಟವಾದ ಮುಳ್ಳುಬೇಲಿಯಿತ್ತು, ಶ್ರೀರಂಗಪಟ್ಟಣದ ಉತ್ತರಕ್ಕೂ ಇತ್ತು. ತಿರುವಾಂಕೂರಿನವರು ಸಮುದ್ರದಿಂದ ಘಟ್ಟದ ಕಡೆಗೆ ಎಳೆದ ನೆಡುಂಕೋಟ್ಟ ದಿಬ್ಬ, ಕಂದಕ, ಬಿದಿರು ಮುಳ್ಳು ಕೂಡಿದ ಉದ್ದನೆಯ ಸಾಲು. 1789ರ ಡಿಸೆಂಬರಿನಲ್ಲಿ ಟಿಪ್ಪುವಿನ ಮೊದಲ ಲಗ್ಗೆ ಅಲ್ಲಿ ಸೋತಿತು. ಮರು ವರ್ಷ ಅವನು ಅದನ್ನು ಒಡೆದ. ಆದರೆ ಅಷ್ಟರಲ್ಲಿ ಇಂಗ್ಲಿಷರು ಯುದ್ಧಕ್ಕೆ ಅಣಿಯಾಗಿದ್ದರು, ಮರಾಠರೂ ನಿಜಾಮನೂ ಅವರ ಕಡೆ ಸೇರುತ್ತಿದ್ದರು. ಆ ಮಣ್ಣಿನ ಸಾಲು ಬಿದ್ದರೂ ತನ್ನ ಕೆಲಸ ಮುಗಿಸಿಯೇ ಬಿತ್ತು. ದಿನ ಗಳಿಸಿ ಬಿದ್ದ ಕೋಟೆಯನ್ನು ಸೋತ ಕೋಟೆ ಎನ್ನಬಹುದೇ ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

7. ಉಪಸಂಹಾರ

ಇನ್ನು ಮುಂದೆ ಯಾವುದೇ ಕೋಟೆಗೆ ಹೋದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ ಎಂದು ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ. ಒಂದು, ಕಟ್ಟಿದವನು ಯಾವ ಆಯುಧಕ್ಕೆ ಹೆದರಿದ್ದ? ಆನೆಗೋ, ಕುದುರೆಗೋ, ಏಣಿಗೋ, ಫಿರಂಗಿಗೋ? ಬಾಗಿಲು, ಗೋಡೆ, ಕೊತ್ತಲಗಳ ಆಕಾರ ಅದನ್ನು ಹೇಳುತ್ತದೆ. ಎರಡು, ಒಳಗಿನವರು ಏನು ಕುಡಿದು ಏನು ತಿಂದು ಎಷ್ಟು ದಿನ ಇರಬಲ್ಲವರಾಗಿದ್ದರು? ಹೊಂಡ, ಬಾವಿ, ಕಣಜಗಳು ಅದನ್ನು ಹೇಳುತ್ತವೆ. ಮೂರು, ಆ ದಿನಗಳೊಳಗೆ ಯಾರು ಬರುತ್ತಾರೆಂದು ಅವರು ದಾರಿ ಕಾಯುತ್ತಿದ್ದರು? ಈ ಮೂರನೆಯದಕ್ಕೆ ಉತ್ತರ ಕೋಟೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಇತಿಹಾಸ ಓದಬೇಕು. ಮೊದಲ ಎರಡಕ್ಕೆ ಉತ್ತರ ಕೊಡುವುದು ವಾಸ್ತುಶಾಸ್ತ್ರ, ಮೂರನೆಯದಕ್ಕೆ ರಾಜ್ಯಶಾಸ್ತ್ರ. ಕೋಟೆಗಳು ಬಿದ್ದದ್ದು ಹೆಚ್ಚಾಗಿ ಮೂರನೆಯ ಪ್ರಶ್ನೆಯಲ್ಲಿ. ಮಿತ್ರರನ್ನೋ ದಂಡನ್ನೋ ಕಳೆದುಕೊಂಡ ರಾಜ್ಯಕ್ಕೆ ಗೋಡೆ ಉಪಕಾರ ಮಾಡಲಾರದು ಎಂಬುದು 1565, 1686, 1799 ಮೂರೂ ಹೇಳುವ ಪಾಠ.

ಕೊನೆಯದಾಗಿ ಒಂದು ಕೆಲಸದ ಮಾತು. ದೊಡ್ಡ ಕೋಟೆಗಳಿಗೆ ಪುರಾತತ್ವ ಇಲಾಖೆಯ ಫಲಕವಾದರೂ ಇದೆ. ಹಳ್ಳಿಯ ಹುಡೆಗಳಿಗೆ ಅದೂ ಇಲ್ಲ. ಅವುಗಳ ಕಲ್ಲು ಮನೆಗಳ ತಳಪಾಯಕ್ಕೆ, ಮಣ್ಣು ಹೊಲಗಳಿಗೆ ಹೋಗುತ್ತಿದೆ. ಅದನ್ನು ತಡೆಯುವ ಶಕ್ತಿ ನಮಗಿಲ್ಲದಿರಬಹುದು, ದಾಖಲಿಸುವ ಶಕ್ತಿ ಖಂಡಿತ ಇದೆ. ಈ ಕಾಲೇಜಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹುಡೆ, ಅಗಸಿ, ವಾಡೆ, ಹಗೇವುಗಳ ಅಳತೆ ತೆಗೆದು, ನಕ್ಷೆ ಬರೆದು, ಹಿರಿಯರು ಹೇಳುವ ಮಾತನ್ನು ಗುರುತು ಹಾಕಿಕೊಂಡರೆ ಒಂದು ತಾಲ್ಲೂಕಿನ ರಕ್ಷಣಾ ಇತಿಹಾಸ ಸಿದ್ಧವಾಗುತ್ತದೆ. ಅರಮನೆಯ ದಫ್ತರಗಳಲ್ಲಿ ಅದು ಸಿಗುವುದಿಲ್ಲ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಬರುವವರು ನಿಮ್ಮ ಆ ದಾಖಲೆಗಳನ್ನು ಓದಿಕೊಂಡು ಬಂದು ಮಾತನಾಡುವಂತಾಗಲಿ.